ಲೆಕ್ಕಪತ್ರಗಳ ರಕ್ಷಣೆಯೂ ಸದ್ಭಕ್ತರ ಕರ್ತವ್ಯವೂ

(ಮಠದ ಮಹೋತ್ಸವ ಸಂದರ್ಭದಲ್ಲಿ ವರ್ತಕರೂ ಕೃಷಿಕರೂ ಆದ ಸದ್ಭಕ್ತರ ಸಭೆಯಲ್ಲಿ ನಡೆದ ಉಪನ್ಯಾಸ)



ಶಿಕಾರಿಪುರ ಸೊರಬಗಳ ಸೀಮೆಯಲ್ಲಿರುವ ಬಂದಳಿಕೆಯನ್ನು ನೋಡದವರು ಈ ಸಭೆಯಲ್ಲಿ ವಿರಳವೆಂದೇ ಹೇಳಬೇಕು. ಪೂರ್ವದಲ್ಲಿ ಬಾಂಧವಪುರವೆಂದೂ ಬಂದಣಿಕೆಯೆಂದೂ ಕರೆಯಿಸಿಕೊಂಡು, ಬನವಾಸಿ ಹನ್ನೆರಡುಸಾವಿರ ಪ್ರಾಂತಕ್ಕೆ ಸೇರಿದ ನಾಗರಖಂಡ ಎಪ್ಪತ್ತಕ್ಕೆ ಮುಖ್ಯಸ್ಥಾನವಾಗಿ ಮೆರೆದ ಆ ಪಟ್ಟಣವು ಇಂದು ಹಾಳುಬಿದ್ದಿದೆ. ತ್ರಿಮೂರ್ತಿ ದೇವಾಲಯ, ಸೋಮೇಶ್ವರ ದೇವಾಲಯ, ಶಾಂತಿನಾಥ ಬಸದಿ ಇವುಗಳೂ, ಅವುಗಳ ಬಳಿಯಲ್ಲಿ ನಿಂತಿರುವ ಶಾಸನಶಿಲೆಗಳೂ ಮಾತ್ರ ಹಿಂದಿನ ವೈಭವಕ್ಕೆ ಸಾಕ್ಷಿಯಾಗಿ ಉಳಿದಿವೆ. ಈ ಶಿಲೆಗಳ ಬರಹವನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳೊಡನೆ ಮುದ್ರಿಸಿ ಲೋಕಕ್ಕೆ ಉಪಕಾರಮಾಡಿದರು.

ಇಲ್ಲಿ ಒಂದು ವಿಷಯವು ವಿಚಾರಾರ್ಹವಾಗಿದೆ. ಬಂದಳಿಕೆಯಲ್ಲಿಯೂ ಅದರ ನೆರೆಯ ಬಳ್ಳಿಗಾವಿಯಲ್ಲಿಯೂ ಯಾರು ಯಾವ ದೇವರಿಗೆ ಎಷ್ಟು ಮತ್ತರು ಭೂಮಿಯನ್ನು ಬಿಟ್ಟರು, ಯಾವ ಸರಕಿನ ಮೇಲಿನ ಸುಂಕವನ್ನು ಧರ್ಮಕ್ಕೆ ಕೊಟ್ಟರು ಎಂಬುದು ಎಂಟುನೂರು ಒಂಬೈನೂರು ವರ್ಷಗಳ ಮೇಲೂ ತಿಳಿದುಬರುತ್ತದೆ. ಅಯ್ಯಾವೊಳೆಯ ಐನೂರ್ವರೆಂದು ಪ್ರಸಿದ್ಧರಾದ ವರ್ತಕರ ಸಂಘದ ಪ್ರಶಂಸೆಯು ಬಳ್ಳಿಗಾವಿಯ ಶಿಲೆಯ ಮೇಲೆ ಇದೆ. ಆದರೆ ಆ ವರ್ತಕರು ದಿನದಿನವೂ ಬರೆದಿಟ್ಟ ಕಿರ್ದಿಯಾಗಲಿ, ಕೊಟ್ಟ ಸಾಲದ ಪಟ್ಟಿಯಾಗಲಿ, ತಂದ ಮೆಣಸಿನ ತೂಕದ ಲೆಕ್ಕವಾಗಲಿ ಉಳಿದುಬಂದಿಲ್ಲ. ಕೊಟ್ಟದ್ದು ಉಳಿಯಿತು, ಗಳಿಸಿದ ಬಗೆಯ ಲೆಕ್ಕ ಅಳಿಯಿತು. ಏತಕ್ಕೆಂದರೆ ದಾನವನ್ನು ಅವರು ರಕ್ಷಿಸಲೆಂದೇ ಬರೆಯಿಸಿದರು. ವ್ಯಾಪಾರದ ಲೆಕ್ಕವನ್ನಾದರೋ ಆ ಹೊತ್ತಿನ ಉಪಯೋಗಕ್ಕೆಂದು ಬರೆದುಕೊಂಡರು. ಬರೆಯುವುದು ಬೇರೆ, ಬರೆದುದನ್ನು ಕಾಪಾಡುವುದು ಬೇರೆ ಎಂಬ ಈ ಭೇದವೇ ಇಂದಿನ ಉಪನ್ಯಾಸದ ವಿಷಯವಾಗಿದೆ.

ಲೆಕ್ಕಪತ್ರವು ಕೇವಲ ಲೌಕಿಕವಾದದ್ದು, ಅದಕ್ಕೂ ಮಠದ ಸಭೆಗೂ ಸಂಬಂಧವೇನು ಎಂದು ಕೆಲವರು ಶಂಕಿಸಬಹುದು. ಶರಣಪರಂಪರೆಯನ್ನು ಅರಿತವರಿಗೆ ಈ ಶಂಕೆಗೆ ಎಡೆಯಿಲ್ಲ. ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕರಣಿಕವೃತ್ತಿಯಿಂದ ಮೇಲೇರಿ ಭಂಡಾರಿಯ ಪದವಿಯನ್ನು ಪಡೆದರೆಂಬುದು ಸರ್ವರಿಗೂ ವಿದಿತವಾಗಿದೆ. ಭಂಡಾರದ ದ್ರವ್ಯವನ್ನು ಜಂಗಮರಿಗೆ ಸವೆಸಿದರೆಂಬ ದೂರು ಬಂದಾಗ ಭಂಡಾರವನ್ನು ತೆರೆಯಿಸಿ ಎಣಿಸಿನೋಡಲು ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಬಸವಪುರಾಣದ ಕಥೆಯು ತಿಳಿಸುತ್ತದೆ. ಇದನ್ನು ಪವಾಡವೆಂದು ಭಾವಿಸುವವರು ಹಾಗೆಯೇ ಭಾವಿಸಲಿ. ಆದರೆ ದೂರು ಬಂದ ದಿನ ಬಾಗಿಲು ತೆರೆದು ತೋರಿಸಬಲ್ಲ ಭಂಡಾರಿಗೆ ಅಳುಕಿಲ್ಲವೆಂಬ ನೀತಿಯು ಅದರಲ್ಲಿ ಅಡಗಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ವಚನಕಾರರ ಸಾಲಿನಲ್ಲಿ ಬೊಕ್ಕಸದ ಚಿಕ್ಕಣ್ಣನಿದ್ದಾನೆ, ಸುಂಕದ ಬಂಕಣ್ಣನಿದ್ದಾನೆ. ಇವರ ಹೆಸರಿಗೆ ಅಂಟಿಕೊಂಡ ಬೊಕ್ಕಸವೂ ಸುಂಕವೂ ಲೆಕ್ಕದ ಕಾಯಕಗಳೇ ಆಗಿವೆ.

ಹೀಗಿರಲು, ಹಿಂದಿನವರು ರಕ್ಷಿಸಬೇಕೆಂದು ಬರೆದಾಗ ಯಾವ ಯಾವ ಎಚ್ಚರಿಕೆಗಳನ್ನು ವಹಿಸಿದರೆಂಬುದನ್ನು ಮೊದಲು ನೋಡತಕ್ಕದ್ದು. ಒಂದು ದಾನಶಾಸನವನ್ನು ತೆಗೆದುಕೊಂಡು ಪರಿಶೀಲಿಸಿದರೆ ಐದು ಅಂಶಗಳು ಸ್ಪಷ್ಟವಾಗುತ್ತವೆ.

ಮೊದಲನೆಯದು ಕಾಲನಿರ್ದೇಶ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಕೆಲವೆಡೆ ಸಂಕ್ರಮಣ ಅಥವಾ ಗ್ರಹಣ ಇಷ್ಟನ್ನೂ ಒಟ್ಟಿಗೆ ಬರೆಯುತ್ತಿದ್ದರು. ಇದು ಆಡಂಬರವೆಂದು ಭಾವಿಸಲಾಗದು. ಕಾಲಕ್ರಮದಲ್ಲಿ ಒಂದಂಕೆ ಸವೆದುಹೋದರೂ ಉಳಿದವುಗಳಿಂದ ಅದನ್ನು ಗಣಿಸಿ ತಿಳಿಯಬಹುದು. ಯಾವನಾದರೂ ಒಂದನ್ನು ತಿದ್ದಿದರೆ ಉಳಿದವು ಅದರೊಡನೆ ತಾಳೆಯಾಗದೆ ಆತನ ಕೃತ್ರಿಮವನ್ನು ಹೊರಗೆಡಹುತ್ತವೆ.

ಎರಡನೆಯದು ಅಳತೆಯ ನಿಷ್ಕರ್ಷೆ. ಇಷ್ಟು ಭೂಮಿ ಎಂದಷ್ಟೇ ಹೇಳದೆ ಯಾವ ಗಳೆಯಿಂದ ಅಳೆದದ್ದೆಂದು ಹೇಳುತ್ತಿದ್ದರು. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯರಸನು ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದನಷ್ಟೆ. ಈ ಸೀಮೆಯ ಶಾಸನಗಳಲ್ಲಿ ಭೇರುಂಡ ಗಳೆಯೆಂಬ ಅಳತೆಗೋಲಿನ ಹೆಸರೂ ಕಂಡುಬರುತ್ತದೆ. ಅಳತೆಗೋಲನ್ನು ಹೆಸರಿಸದ ಲೆಕ್ಕವು ಮುಂದಿನ ತಲೆಮಾರಿಗೆ ಒಗಟಾಗುತ್ತದೆ.

ಮೂರನೆಯದು ಸಾಕ್ಷಿ. ಗಾವುಂಡರು, ನಗರದ ಸೆಟ್ಟಿಗಳು, ಸ್ಥಾನಾಚಾರ್ಯರು ಮೊದಲಾದವರ ಸಮಕ್ಷಮದಲ್ಲಿ ದಾನವು ನಡೆಯುತ್ತಿತ್ತು. ನಾಲ್ಕನೆಯದು ಬರೆದವನ ಹೆಸರು. ಇಂಥ ಸೇನಬೋವನು ಬರೆದನು, ಇಂಥ ರೂವಾರಿಯು ಕಂಡರಿಸಿದನು ಎಂದು ಅನೇಕ ಶಾಸನಗಳ ಕಡೆಯಲ್ಲಿ ಇರುವುದರಿಂದ, ತಪ್ಪು ನಡೆದಿದ್ದರೆ ಅದು ಯಾರದೆಂಬುದು ಮರೆಯಾಗುವಂತಿರಲಿಲ್ಲ. ಐದನೆಯದು ರಕ್ಷಿಸಿದವರಿಗೆ ಪುಣ್ಯವನ್ನೂ ಕೆಡಿಸಿದವರಿಗೆ ಪಾಪವನ್ನೂ ಹೇಳುವ ಕಡೆಯ ವಾಕ್ಯ. ಕೊಟ್ಟವನ ಪುಣ್ಯಕ್ಕಿಂತಲೂ ಕಾಪಾಡಿದವನ ಪುಣ್ಯವು ಹೆಚ್ಚಿನದೆಂಬ ಭಾವನೆಯು ಇಂಥ ವಾಕ್ಯಗಳಲ್ಲಿ ಪದೇಪದೇ ಬರುವುದನ್ನು ವಿದ್ವಾಂಸರು ಬಲ್ಲರು.

ಇದು ಶಿಲೆಯ ಮಾತಾಯಿತು. ಶಿಲೆಯ ಮೇಲೆ ದಿನದ ವ್ಯಾಪಾರವನ್ನು ಬರೆಯಲು ಸಾಧ್ಯವಿಲ್ಲವಾದುದರಿಂದ ವರ್ತಕರೂ ಮಠಗಳವರೂ ಅರಸರ ಕರಣಿಕರೂ ಕಡತವನ್ನು ಬಳಸಿದರು. ಕಡತವೆಂದರೆ ಇಂದಿನ ಕಛೇರಿಗಳಲ್ಲಿ ಹೇಳುವ ಕಾಗದದ ಕಟ್ಟಲ್ಲ. ಎಂಟಂಗುಲದಿಂದ ಒಂದಡಿಯವರೆಗೆ ಅಗಲವೂ, ಹನ್ನೆರಡರಿಂದ ಹದಿನೆಂಟಡಿಯವರೆಗೆ ಉದ್ದವೂ ಇರುವ ಅರಿವೆಯ ಎರಡು ಮೈಗಳಿಗೂ ಇದ್ದಿಲಪುಡಿ ಕಲಸಿದ ಸರಿಯನ್ನು ಬಳಿದು, ಒಣಗಿಸಿ, ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ಕೊನೆಗಳಿಗೂ ಮರದ ಹಲಗೆಗಳನ್ನು ಅಂಟಿಸುತ್ತಿದ್ದರೆಂದು ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಅವರು ವರ್ಣಿಸಿದ್ದಾರೆ. ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದಾಗ ಒದ್ದೆಬಟ್ಟೆಯಿಂದ ಒರಸಿ ಮತ್ತೆ ಬರೆಯುವುದು. ಶೃಂಗೇರಿಯ ಮಠದ ಕಡತಗಳು ಚರಿತ್ರಕಾರರಿಗೆ ದೊಡ್ಡ ಆಕರವಾಗಿರುವುದನ್ನು ನೋಡಿದರೆ, ಚೆನ್ನಾಗಿ ಕಾಪಾಡಿದ ಕಡತವು ಶತಮಾನಗಳನ್ನು ದಾಟಿ ಬರಬಲ್ಲದೆಂಬುದು ಸಿದ್ಧವಾಗುತ್ತದೆ.

ಕಡತದ ಗುಣವೂ ದೋಷವೂ ಒಂದೇ: ಅದನ್ನು ಒರಸಬಹುದು. ತಪ್ಪನ್ನು ತಿದ್ದಲು ಅನುಕೂಲ. ನಿಜವನ್ನು ಅಳಿಸಲೂ ಅಷ್ಟೇ ಅನುಕೂಲ. ಆದುದರಿಂದ ಕಡತದ ಲೆಕ್ಕವನ್ನು ಜನರು ನಂಬಬೇಕಾದರೆ ಅರಿವೆಯ ಗಟ್ಟಿತನವು ಸಾಲದು, ಅದನ್ನು ಹಿಡಿದವರ ನಡತೆಯೂ ಕಟ್ಟುಪಾಡೂ ಗಟ್ಟಿಯಾಗಿರಬೇಕಾಗಿತ್ತು.

ಈ ಮಾತನ್ನು ಇಂದಿನ ಕಾಲಕ್ಕೆ ಅನ್ವಯಿಸಿದರೆ, ಅಂಗಡಿ ಮಂಡಿಗಳಲ್ಲಿ ಕುಳಿತಿರುವ ಕಂಪ್ಯೂಟರ್ ಎಂಬ ಗಣಕಯಂತ್ರವು ಹೊಸದೊಂದು ಕಡತವೇ ಸರಿ. 1986ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಉದ್ಯಮವೊಂದು ರೂಪಿಸಿದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವು ದೇಶದ ಊರೂರಿನ ವರ್ತಕರ ಕೈಗೆ ಬಂದಿದೆ. 2017ರ ಜುಲೈ ಒಂದರಿಂದ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದ ಮೇಲೆ ಸಣ್ಣ ವರ್ತಕನೂ ಈ ಯಂತ್ರವನ್ನು ಆಶ್ರಯಿಸಬೇಕಾಯಿತು. ಬಳಪದ ಬರಹವನ್ನು ಒರಸಲು ಒದ್ದೆಬಟ್ಟೆ ಬೇಕಿತ್ತು. ಇಲ್ಲಿ ಬೆರಳಿನ ಒಂದು ಒತ್ತು ಸಾಕು. ಅಲ್ಲಿ ಒರಸಿದ ಕಲೆಯಾದರೂ ಉಳಿಯುತ್ತಿತ್ತು; ಇಲ್ಲಿ ಅದೂ ಉಳಿಯದಿರಬಹುದು. ಸಿಡಿಲು ಬಡಿದರೆ, ಮಳೆಗಾಲದ ತೇವವು ಒಳಸೇರಿದರೆ, ದುಷ್ಟ ತಂತ್ರಾಂಶವು ನುಸುಳಿದರೆ ಹತ್ತು ವರ್ಷದ ಲೆಕ್ಕವು ಒಂದು ರಾತ್ರಿಯಲ್ಲಿ ಇಲ್ಲವಾಗುವುದು.

ಲೆಕ್ಕ ಹೋದರೆ ಹೋಗಲಿ, ಮತ್ತೆ ಬರೆದುಕೊಂಡರಾಯಿತು ಎನ್ನುವವರು ಅದು ಯಾರ ಸ್ವತ್ತೆಂಬುದನ್ನು ವಿಚಾರಿಸಲಿ. ಈ ಮಲೆನಾಡಿನ ಅಡಿಕೆ ಬೆಳೆಗಾರನು ತನ್ನ ವರ್ಷದ ಬೆಳೆಯನ್ನು ಮಂಡಿಗೆ ಹಾಕಿ, ಬೆಲೆ ಬರುವವರೆಗೆ ಅಲ್ಲಿಯೇ ಬಿಟ್ಟು, ಮದುವೆಗೋ ಆಸ್ಪತ್ರೆಗೋ ಬೇಕಾದಾಗ ಮುಂಗಡವನ್ನು ತರುವನು. ಆತನ ಒಂದು ವರ್ಷದ ಬೆವರು ಮಂಡಿಯವರ ಪುಸ್ತಕದ ಒಂದು ಸಾಲಿನಲ್ಲಿ ಇರುತ್ತದೆ. ಬೆಳೆಗಾರರೇ ಕೂಡಿ 1939ರಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವನ್ನು ಕಟ್ಟಿಕೊಂಡುದರಲ್ಲಿ, ತೂಕವೂ ಬೆಲೆಯೂ ಲೆಕ್ಕವೂ ತಮ್ಮ ಕಣ್ಣೆದುರಿಗೆ ಇರುವ ಅನುಕೂಲವು ಅಡಗಿತ್ತು. ವರ್ತಕನ ಪುಸ್ತಕ ಕಳೆದರೆ ವರ್ತಕನಿಗೆ ಅನ್ಯ ಸಾಧನಗಳಿರಬಹುದು. ಬೆಳೆಗಾರನಿಗೆ ಆ ಒಂದು ಸಾಲಿನ ಹೊರತು ಬೇರೆ ಗತಿಯಿಲ್ಲ. ಆದುದರಿಂದ ಲೆಕ್ಕವು ಬರೆದವನ ಸ್ವತ್ತಲ್ಲ. ಅದರಲ್ಲಿ ಯಾರ ಯಾರ ಹೆಸರಿದೆಯೋ ಅವರೆಲ್ಲರ ನ್ಯಾಸವದು. ನ್ಯಾಸವನ್ನು ಕೆಡಿಸುವುದು ಕಳವಿಗೆ ಸಮಾನವೆಂದು ಧರ್ಮಜ್ಞರು ಹೇಳುವರು. ಅಜಾಗರೂಕತೆಯಿಂದ ಕೆಡಿಸಿದರೂ ಕಳೆದುಕೊಂಡವನಿಗೆ ನಷ್ಟವು ಒಂದೇ.

ಈ ನಾಡಿನ ಅರಸರಲ್ಲಿ ಈ ತತ್ತ್ವವನ್ನು ಚೆನ್ನಾಗಿ ಅರಿತವನು ಕೆಳದಿಯ ಶಿವಪ್ಪನಾಯಕ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಆಳಿದ ಆತನು ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಹನ್ನೆರಡು ವರ್ಷಗಳ ಕಾಲ ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು ಎಂಬುದನ್ನು ಬರೆಯಿಸಿ, ಅದರ ಸರಾಸರಿಯಿಂದ ಕಂದಾಯವನ್ನು ಗೊತ್ತುಪಡಿಸಿದನೆಂದು ಪ್ರತೀತಿಯಿದೆ. ಶಿವಪ್ಪನಾಯಕನ ಶಿಸ್ತೆಂದು ಇಂದಿಗೂ ಜನರ ಬಾಯಲ್ಲಿರುವುದು ಇದೇ. ಹನ್ನೆರಡರಲ್ಲಿ ಬರಗಾಲದ ಎರಡು ವರ್ಷಗಳ ಲೆಕ್ಕವು ಕಳೆದುಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಸರಾಸರಿಯು ಏರಿ, ಒಕ್ಕಲಿನ ಹೊರೆಯು ತಲೆತಲಾಂತರಕ್ಕೂ ಹೆಚ್ಚುತ್ತಿತ್ತು. ಕಷ್ಟದ ವರ್ಷದ ಲೆಕ್ಕವನ್ನು ಕಾಪಾಡುವುದೇ ಬಡವನನ್ನು ಕಾಪಾಡುವುದಾಗಿದೆ.

ಇನ್ನು ಲೆಕ್ಕವು ಒಬ್ಬನ ಕೈಯಲ್ಲಿಯೇ ಇರುವುದರ ಅಪಾಯವನ್ನು ನೋಡತಕ್ಕದ್ದು. ಪೂರ್ವದಲ್ಲಿ ಗ್ರಾಮದ ಲೆಕ್ಕವು ಶಾನುಭೋಗರ ಮನೆಯಲ್ಲಿ ವಂಶಪಾರಂಪರ್ಯವಾಗಿ ಇರುತ್ತಿತ್ತು. ಅನೇಕ ಮನೆತನಗಳವರು ಅದನ್ನು ದೇವರ ಪೆಟ್ಟಿಗೆಯಂತೆ ರಕ್ಷಿಸಿದರು. ಆದರೂ ರೈತನು ತನ್ನ ಹೊಲದ ಲೆಕ್ಕವನ್ನು ನೋಡಲು ಒಬ್ಬರ ಮರ್ಜಿಯನ್ನು ಕಾಯಬೇಕಾಗಿತ್ತು. 1961ರ ಕಾನೂನಿನಿಂದ ವಂಶಪಾರಂಪರ್ಯದ ಗ್ರಾಮಾಧಿಕಾರವು ನಿಂತಿತು. ಅನಂತರ ಸುಮಾರು 2000ದ ವೇಳೆಗೆ ಕರ್ನಾಟಕ ಸರ್ಕಾರದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಬದಲಾವಣೆಯನ್ನು ಮಾಡುವ ನೌಕರನು ತನ್ನ ಬೆರಳಚ್ಚನ್ನು ಕೊಟ್ಟೇ ಒಳಹೋಗಬೇಕೆಂಬ ಕಟ್ಟಳೆಯನ್ನೂ ಅದರಲ್ಲಿ ಇಟ್ಟರು. ಶಾಸನದ ಕಡೆಯಲ್ಲಿ ಸೇನಬೋವನ ಹೆಸರಿದ್ದ ಪದ್ಧತಿಯೇ ಇಲ್ಲಿ ಬೆರಳಚ್ಚಾಗಿ ಮರಳಿ ಬಂದಿದೆ.

ವ್ಯಾಪಾರದ ಲೆಕ್ಕಕ್ಕೂ ಕಾನೂನು ಇದೇ ದಾರಿಯನ್ನು ಹಿಡಿದಿದೆ. 2023ರ ಏಪ್ರಿಲ್ ಒಂದರಿಂದ ಕಂಪೆನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ಅದರ ತಾರೀಖಿನೊಡನೆ ದಾಖಲಿಸತಕ್ಕದ್ದು, ಆ ದಾಖಲೆಯನ್ನು ನಿಲ್ಲಿಸಲು ಸಾಧ್ಯವಾಗಕೂಡದು ಎಂದು ನಿಯಮವಾಗಿದೆ. 2013ರ ಕಂಪೆನಿ ಕಾಯಿದೆಯು ಎಂಟು ವರ್ಷಗಳ ಪುಸ್ತಕಗಳನ್ನು ಇಡಬೇಕೆಂದು ಹೇಳುತ್ತದೆ. ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯ ಪ್ರಕಾರ ನೋಂದಾಯಿತ ವರ್ತಕನು ಆ ವರ್ಷದ ವಾರ್ಷಿಕ ವಿವರವನ್ನು ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳವರೆಗೆ ಲೆಕ್ಕವನ್ನು ರಕ್ಷಿಸಬೇಕು. ವ್ಯಾಜ್ಯವು ನಡೆಯುತ್ತಿದ್ದರೆ ಅದಕ್ಕೂ ಹೆಚ್ಚು ಕಾಲ ಇಡಬೇಕಾಗುವುದು. ತೆರಿಗೆಯನ್ನು ಪ್ರಾಮಾಣಿಕವಾಗಿ ಸಲ್ಲಿಸಿದವನೂ ಲೆಕ್ಕವನ್ನು ಕಳೆದುಕೊಂಡರೆ ತನ್ನ ಪ್ರಾಮಾಣಿಕತೆಯನ್ನು ಸ್ಥಾಪಿಸಲಾರನು.

ಹಾಗಾದರೆ ರಕ್ಷಣೆಯ ಉಪಾಯವೇನು? ಇದಕ್ಕೆ ತಾಳೆಗರಿಯ ಗ್ರಂಥಗಳನ್ನು ಉಳಿಸಿಕೊಂಡು ಬಂದ ಮಠಗಳ ಸಂಪ್ರದಾಯವೇ ಉತ್ತರವನ್ನು ಕೊಡುತ್ತದೆ. ಗರಿಗೆ ಎಣ್ಣೆ ಹಚ್ಚಿ, ಹಲಗೆಯ ನಡುವೆ ಬಿಗಿದು, ಅರಿವೆಯಲ್ಲಿ ಸುತ್ತಿಡುತ್ತಿದ್ದರು. ಆದರೆ ಹುಳುವೂ ಗೆದ್ದಲೂ ಬೆಂಕಿಯೂ ಯಾರನ್ನೂ ಬಿಡುವುದಿಲ್ಲವೆಂದು ಬಲ್ಲ ಹಿರಿಯರು ಅಷ್ಟಕ್ಕೇ ತೃಪ್ತರಾಗದೆ ಪ್ರತಿಮಾಡಿಸುತ್ತಿದ್ದರು. ಒಂದು ಮಠದ ಪ್ರತಿಯು ನಷ್ಟವಾದರೆ ಮತ್ತೊಂದು ಮಠದ ಪ್ರತಿಯಿಂದ ಗ್ರಂಥವು ಬದುಕುತ್ತಿತ್ತು. ವಚನವಾಙ್ಮಯವು ಇಂದು ದೊರೆಯುತ್ತಿರುವುದಕ್ಕೆ ಇಂಥ ಅನೇಕ ಪ್ರತಿಗಳೇ ಕಾರಣವಾಗಿವೆ.

ಹೊರದೇಶದ ಒಂದು ಉದಾಹರಣೆಯು ಇದೇ ತತ್ತ್ವವನ್ನು ಸ್ಪಷ್ಟಪಡಿಸುತ್ತದೆ. ಡೆನ್ಮಾರ್ಕ್ ದೇಶದ ಮೇರ್ಸ್ಕ್ ಎಂಬ ಹಡಗಿನ ಕಂಪೆನಿಯು ಜಗತ್ತಿನಲ್ಲಿಯೇ ಬಹು ದೊಡ್ಡದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶವು ಅದರ ಯಂತ್ರಗಳನ್ನು ಹೊಕ್ಕಿತು. ಮುಂಬಯಿಯ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಕಂಪೆನಿಯ ಸಮೂಹವು ನಡೆಸುತ್ತಿದ್ದ ನಿಲ್ದಾಣದ ಕೆಲಸವೂ ಅಸ್ತವ್ಯಸ್ತವಾಯಿತು. ಯಾರು ಯಾವ ಯಂತ್ರವನ್ನು ಬಳಸಬಹುದೆಂಬ ಮೂಲಪಟ್ಟಿಯ ನಕಲುಗಳು ಅನೇಕ ಕಡೆಗಳಲ್ಲಿದ್ದರೂ, ಅವೆಲ್ಲವೂ ಒಂದೇ ಜಾಲದಲ್ಲಿ ಕೂಡಿಕೊಂಡಿದ್ದುದರಿಂದ ಒಟ್ಟಿಗೆ ಅಳಿದುಹೋದವು. ಆಫ್ರಿಕದ ಘಾನಾ ದೇಶದ ಒಂದು ಕಛೇರಿಯಲ್ಲಿ ಆ ವೇಳೆಗೆ ವಿದ್ಯುತ್ತು ಹೋಗಿದ್ದ ಕಾರಣ ಅಲ್ಲಿನ ಯಂತ್ರವು ಜಾಲದಿಂದ ಬೇರ್ಪಟ್ಟಿತ್ತು. ಆ ಒಂದು ನಕಲು ಮಾತ್ರ ಉಳಿಯಿತು. ಅದರ ಬಲದಿಂದ ಕಂಪೆನಿಯು ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಮತ್ತೆ ಕಟ್ಟಿನಿಲ್ಲಿಸಿತು. ಮಲೆನಾಡಿನವರು ನಿತ್ಯವೂ ಶಪಿಸುವ ವಿದ್ಯುತ್ ಕಡಿತವು ಅಲ್ಲಿ ಅಷ್ಟು ದೊಡ್ಡ ವ್ಯಾಪಾರವನ್ನು ಉಳಿಸಿತು. ಆದರೆ ದೈವಯೋಗದಿಂದ ಒದಗಿದುದನ್ನು ವಿವೇಕಿಯು ಮುಂಚಿತವಾಗಿಯೇ ಏರ್ಪಡಿಸಿಕೊಳ್ಳತಕ್ಕದ್ದು.

ಇದರಿಂದ ತಿಳಿಯುವ ನಿಯಮವು ಸರಳವಾಗಿದೆ. ಲೆಕ್ಕದ ಪ್ರತಿಗಳು ಮೂರು ಇರಬೇಕು. ಒಂದು ದಿನದ ಬಳಕೆಯ ಯಂತ್ರದಲ್ಲಿ. ಎರಡನೆಯದು ಯಂತ್ರದಿಂದ ಬಿಡಿಸಿ ಪೆಟ್ಟಿಗೆಯಲ್ಲಿಡುವ ಬೇರೆ ಸಾಧನದಲ್ಲಿ. ಮೂರನೆಯದು ಅದೇ ಮಾಡಿನ ಕೆಳಗಿರದೆ ದೂರದ ಬೇರೊಂದು ಸ್ಥಳದಲ್ಲಿ, ಅಥವಾ ನಂಬಿಕೆಯ ಸಂಸ್ಥೆಯವರ ದೂರದ ಭಂಡಾರದಲ್ಲಿ. ಪ್ರತಿದಿನ ಅಂಗಡಿಯ ಬಾಗಿಲು ಹಾಕುವ ಮೊದಲು ಪ್ರತಿಮಾಡುವುದು ದೀಪ ಹಚ್ಚುವಷ್ಟೇ ಸಹಜವಾದ ಅಭ್ಯಾಸವಾಗಬೇಕು. ಪ್ರತಿಯನ್ನು ಮಾಡಿದರೆ ಸಾಲದು. ತಿಂಗಳಿಗೊಮ್ಮೆ ಅದನ್ನು ಬೇರೆ ಯಂತ್ರದಲ್ಲಿ ತೆರೆದು, ಶಿಲ್ಕು ತಾಳೆಯಾಗುವುದೇ ಎಂದು ನೋಡಬೇಕು. ತೆರೆದುನೋಡದ ಪ್ರತಿಯು ಬಿಚ್ಚಿನೋಡದ ತಾಳೆಗರಿಯ ಕಟ್ಟಿನಂತೆ. ಒಳಗೆ ಹುಳು ತಿಂದಿರುವುದು ಬೇಕಾದ ದಿನವೇ ಗೊತ್ತಾಗುವುದು. ಅಂಗಡಿಗಳಲ್ಲಿ ಕೊಡುವ ನುಣುಪು ಕಾಗದದ ರಸೀದಿಗಳ ಅಕ್ಷರವು ಕೆಲವು ತಿಂಗಳಲ್ಲಿಯೇ ಮಾಸಿಹೋಗುವುದರಿಂದ ಅವುಗಳ ಚಿತ್ರವನ್ನು ತೆಗೆದಿಡುವುದೂ ಅವಶ್ಯ.

ಬರೆಯುವವನೂ ಹಣವನ್ನು ಮುಟ್ಟುವವನೂ ಒಬ್ಬನೇ ಆಗಿರಕೂಡದು. ಪ್ರತಿಯೊಬ್ಬ ಗುಮಾಸ್ತನೂ ತನ್ನ ಹೆಸರಿನಿಂದಲೇ ಯಂತ್ರವನ್ನು ಪ್ರವೇಶಿಸಬೇಕು. ಅಂಗಡಿಗೆಲ್ಲ ಒಂದೇ ಗುಪ್ತಪದವಿದ್ದರೆ ಅದು ಬರೆದವನ ಹೆಸರಿಲ್ಲದ ಶಾಸನದಂತೆ. ದೂರವಾಣಿಯಲ್ಲಿ ಯಾರು ಕೇಳಿದರೂ ಗುಪ್ತಪದವನ್ನಾಗಲಿ, ಬ್ಯಾಂಕಿನಿಂದ ಬರುವ ತಾತ್ಕಾಲಿಕ ಸಂಖ್ಯೆಯನ್ನಾಗಲಿ ಹೇಳಕೂಡದು. ವರ್ತಕನ ಪುಸ್ತಕದಲ್ಲಿ ಪರರ ಮನೆಯ ಕಷ್ಟಸುಖಗಳೂ ಅಡಗಿವೆ. ಯಾರು ಯಾವಾಗ ಏತಕ್ಕೆ ಸಾಲ ತಂದರೆಂಬುದನ್ನು ಬೀದಿಗೆ ಬಿಡದಿರುವುದೂ ರಕ್ಷಣೆಯ ಒಂದು ಅಂಗವೇ ಆಗಿದೆ.

ಕಡೆಯದಾಗಿ ಹಸ್ತಾಂತರದ ವಿಷಯ. ಬಂದಳಿಕೆಯ ಶಾಸನಗಳಲ್ಲಿ 918ರದೆಂದು ಪ್ರಸಿದ್ಧವಾದದ್ದು ಜಕ್ಕಿಯಬ್ಬೆಯ ಶಾಸನ. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ ಎಪ್ಪತ್ತಕ್ಕೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಹೋಗಲು ಆ ಪದವಿಯು ಅವನ ಪತ್ನಿಯಾದ ಜಕ್ಕಿಯಬ್ಬೆಗೆ ಬಂದಿತು. ಆಕೆಯು ಎಪ್ಪತ್ತು ಹಳ್ಳಿಗಳ ಆಡಳಿತವನ್ನು ಸಮರ್ಥಳಾಗಿ ನಡೆಸಿ, ದೇಹದಲ್ಲಿ ವ್ಯಾಧಿಯು ತಲೆದೋರಿದಾಗ ಮಗಳನ್ನು ಕರೆದು ತನ್ನ ಭಾರವನ್ನು ಒಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ಜಿನಧರ್ಮದ ವ್ರತದಿಂದ ದೇಹವನ್ನು ಬಿಟ್ಟಳು. ಒಂದೇ ಮನೆತನದಲ್ಲಿ ಭಾರವು ಗಂಡನಿಂದ ಹೆಂಡತಿಗೆ ಮೃತ್ಯುವಿನಿಂದ ಬಂದಿತು, ತಾಯಿಯಿಂದ ಮಗಳಿಗೆ ವಿವೇಕದಿಂದ ಹೋಯಿತು. ಜಕ್ಕಿಯಬ್ಬೆಯು ಒಪ್ಪಿಸಿ ಹೋದಳೆಂಬುದೇ ಇಲ್ಲಿ ಮುಖ್ಯವಾದದ್ದು.

ಇಂದಿನ ಎಷ್ಟೋ ಮನೆಗಳಲ್ಲಿ ಯಜಮಾನನು ಹಠಾತ್ತಾಗಿ ಕಣ್ಮುಚ್ಚಿದರೆ, ಕೊಡಬೇಕಾದದ್ದು ಯಾರಿಗೆ, ಬರಬೇಕಾದದ್ದು ಎಲ್ಲಿಂದ, ಯಂತ್ರದ ಗುಪ್ತಪದವೇನು ಎಂಬುದು ಹೆಂಡತಿಮಕ್ಕಳಿಗೆ ಗೊತ್ತಿರುವುದಿಲ್ಲ. ಕೊಡಬೇಕಾದವರು ಸುಮ್ಮನಾಗುವರು, ಬರಬೇಕಾದವರು ಮಾತ್ರ ಬಾಗಿಲಿಗೆ ಬರುವರು. ದುಃಖದ ಮನೆಯ ಮೇಲೆ ಈ ಎರಡನೆಯ ದುಃಖವನ್ನು ಹೇರದಿರಲು, ಯಜಮಾನನು ಇರುವಾಗಲೇ ಗುಪ್ತಪದಗಳನ್ನೂ ಪ್ರತಿಗಳಿರುವ ಸ್ಥಳವನ್ನೂ ಬರೆದು ಮುದ್ರೆ ಹಾಕಿದ ಲಕೋಟೆಯನ್ನು ನಂಬಿಕೆಯ ಕೈಯಲ್ಲಿ ಇಡತಕ್ಕದ್ದು. ಗುಪ್ತಪದವು ಬದಲಾದಾಗ ಲಕೋಟೆಯನ್ನೂ ಬದಲಿಸತಕ್ಕದ್ದು. ಲೆಕ್ಕವನ್ನು ಓದುವ ಬಗೆಯನ್ನು ಮನೆಯ ಹೆಣ್ಣುಮಕ್ಕಳಿಗೂ ಕಲಿಸತಕ್ಕದ್ದು. ಎಪ್ಪತ್ತು ಹಳ್ಳಿಗಳನ್ನು ಹೆಣ್ಣೊಬ್ಬಳು ಆಳಿದ ಈ ನೆಲದಲ್ಲಿ ಒಂದು ಅಂಗಡಿಯ ಕಿರ್ದಿಯನ್ನು ಹೆಣ್ಣುಮಕ್ಕಳಿಂದ ಮರೆಮಾಡುವುದು ಉಚಿತವಲ್ಲ.

ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವು ಅಲ್ಲಿ ವಿದ್ಯಾದಾನವೂ, ದೀನರಿಗೆ ಅನಾಥರಿಗೆ ಅನ್ನದಾನವೂ, ರೋಗಿಗಳಿಗೆ ಔಷಧವೂ ನಡೆಯುತ್ತಿದ್ದುದನ್ನು ಹೇಳುತ್ತದೆ. ಅಂಥ ದಾಸೋಹವು ತಲೆಮಾರುಗಳ ಕಾಲ ನಡೆಯಬೇಕಾದರೆ ಉಗ್ರಾಣದಲ್ಲಿ ಅಕ್ಕಿಯ ಅಳತೆಯನ್ನು ಬರೆಯುವವನು ಒಬ್ಬನು ಇದ್ದೇ ಇರಬೇಕು. ಆತನ ಹೆಸರು ಶಿಲೆಯ ಮೇಲೆ ಬಂದಿಲ್ಲ. ಆದರೆ ಹಸಿದವರ ಎಲೆಗೆ ನಾಳೆಯೂ ಅನ್ನವು ಬೀಳುವಂತೆ ನೋಡಿಕೊಂಡವನು ಆತನೇ. ಸದ್ಭಕ್ತರು ತಮ್ಮ ತಮ್ಮ ಅಂಗಡಿ, ಮಂಡಿ, ತೋಟಗಳ ಲೆಕ್ಕವನ್ನು ಆ ಕಾಯಕನಿಷ್ಠೆಯಿಂದ ಬರೆದು, ಪ್ರತಿಮಾಡಿ, ತೆರೆದುನೋಡಿ, ಒಪ್ಪಿಸಬೇಕಾದವರಿಗೆ ಒಪ್ಪಿಸುವಂಥವರಾಗಲಿ.

ಮಂಗಳಮಸ್ತು.